ಗೂಡಿನ ಲೊಕೇಶನ್ ಕಳಸಬ್ಯಾಡ್ರಿ

2025ರ ಮಾರ್ಚ್ ತಿಂಗಳು. ಇಂಟರ್ನಲ್ಸ್ ತಲೆ ಮೇಲೆ ಬಂದು ನಿಂತಿದ್ದವು. ಐಪಿಎಲ್ ಇನ್ನೂ ಶುರುವಾಗಿರಲಿಲ್ಲ. ಆದರೂ ದಿನಾ ರಾತ್ರಿ ಒಂಬತ್ತಕ್ಕೆ ನಮ್ಮ ಹಾಸ್ಟೆಲ್‌ನ ಒಂದು ರೂಮಿನಲ್ಲಿ ಹತ್ತು ಹನ್ನೆರಡು ಮಂದಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂಡುತ್ತಿದ್ದೆವು. ನೋಡುತ್ತಿದ್ದದ್ದು ಒಂದು ಹಕ್ಕಿಗೂಡು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಗ್ ಬೇರ್ ಅನ್ನೋ ಕೆರೆ ಇದೆ. ಅದರ ಹತ್ತಿರ ಒಂದು ಪೈನ್ ಮರದ ಮೇಲೆ, ನೆಲದಿಂದ ಸುಮಾರು 145 ಅಡಿ ಎತ್ತರದಲ್ಲಿ, ಬಾಲ್ಡ್ ಈಗಲ್ ಜೋಡಿಯೊಂದರ ಗೂಡು. ಹೆಣ್ಣಿನ ಹೆಸರು ಜಾಕಿ, ಗಂಡಿನ ಹೆಸರು ಶ್ಯಾಡೋ. ಗೂಡಿಗೆ ಕ್ಯಾಮೆರಾ ಇಟ್ಟಿದ್ದಾರೆ, ಇಪ್ಪತ್ನಾಲ್ಕು ತಾಸೂ ಲೈವ್. ನಮ್ಮ ರಾತ್ರಿ ಅಂದರೆ ಅಲ್ಲಿ ಬೆಳಗು.

ಹಿಂದಿನ ಎರಡು ವರ್ಷ ಆ ಜೋಡಿಗೆ ಮರಿ ಆಗಿರಲಿಲ್ಲ. ಈ ಸಲ ಮಾರ್ಚ್ ಮೊದಲ ವಾರದಲ್ಲಿ ಮೂರು ಮರಿ ಹೊರಬಂದವು. ಮುಂದಿನ ವಾರ ಹಿಮಗಾಳಿ ಬೀಸಿತು. ಮೈಮೇಲೆ ಹಿಮ ಬಿದ್ದು ಬೆಳ್ಳಗಾದರೂ ಹಕ್ಕಿ ಮರಿಗಳ ಮೇಲಿಂದ ಏಳಲಿಲ್ಲ. ಆದರೂ ಒಂದು ಮರಿ ಉಳಿಯಲಿಲ್ಲ. ಆವತ್ತು ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಉಳಿದ ಎರಡು ಜೂನ್‌ನಲ್ಲಿ ಗೂಡು ಬಿಟ್ಟು ಹಾರಿದವು. ಅಷ್ಟೊತ್ತಿಗೆ ನಾವು ಸೆಮಿಸ್ಟರ್ ಪರೀಕ್ಷೆಯಲ್ಲಿ ಒದ್ದಾಡುತ್ತಿದ್ದೆವು, ಆ ಮಾತು ಬೇರೆ.

ಅಂಥ ಒಂದು ರಾತ್ರಿ ನಮ್ಮಲ್ಲೇ ಒಬ್ಬ ಕೇಳಿದ: "ನಮ್ಮ ಕಡೆ ಇಂಥಾವು ಇಲ್ಲೇನಲೇ?"

ಇವೆ. ಬಾಲ್ಡ್ ಈಗಲ್ ಉತ್ತರ ಅಮೆರಿಕದ ಹಕ್ಕಿ, ಅದು ನಮ್ಮಲ್ಲಿಲ್ಲ. ಆದರೆ ತಲೆ ಬೆಳ್ಳಗೆ, ಮೈ ಕಂದು, ಕೆರೆ ಮೀನೇ ಊಟ, ಕೆರೆ ದಂಡೆಯ ಎತ್ತರದ ಮರದಲ್ಲೇ ಗೂಡು: ಇಷ್ಟು ಹೇಳಿದರೆ ಅದು ನಮ್ಮ ಗರುಡನ ವರ್ಣನೆಯೂ ಹೌದು. ಇಂಗ್ಲಿಷ್‌ನಲ್ಲಿ ಬ್ರಾಹ್ಮಿನಿ ಕೈಟ್ ಅಂತಾರೆ. ಗಾತ್ರದಲ್ಲಿ ಸಣ್ಣದು, ರೆಕ್ಕೆ ಬಿಚ್ಚಿದರೆ ನಾಲ್ಕಡಿ ಆಸುಪಾಸು. ಬಾಲ್ಡ್ ಈಗಲ್‌ನದು ಆರೂವರೆ ಅಡಿ ದಾಟುತ್ತದೆ. ಬಣ್ಣದಲ್ಲಿ ಮಾತ್ರ ನಮ್ಮದೇ ಒಂದು ಕೈ ಮೇಲು. ಮೈ ಬರೀ ಕಂದಲ್ಲ, ಇಟ್ಟಿಗೆಗೆಂಪು.

ಉಣಕಲ್ ಕೆರೆಯ ದಂಡೆಯಲ್ಲಿ ಮಿರ್ಚಿ ತಿನ್ನುತ್ತ ಕೂತಾಗ, ಕೆಲಗೇರಿಯಲ್ಲಿ ವಾಕಿಂಗ್ ಮಾಡುವಾಗ ತಲೆ ಮೇಲೆತ್ತಿ ನೋಡಿ. ಬಹಳಷ್ಟು ಸಲ ಕಾಣೋದು ಕಪ್ಪು-ಕಂದು ಬಣ್ಣದ ಸಾಮಾನ್ಯ ಹದ್ದು. ಅದರ ಬಾಲದ ತುದಿ ಮೀನಿನ ಬಾಲದ ಹಾಗೆ ನಡುವೆ ಸೀಳಿರುತ್ತದೆ. ಬಾಲದ ತುದಿ ದುಂಡಗಿದ್ದು, ತಲೆ-ಎದೆ ಬೆಳ್ಳಗಿದ್ದರೆ ಅದು ಗರುಡ. ಒಂದೇ ತೊಂದರೆ ಅಂದರೆ ಗರುಡನ ಮರಿಗೆ ಬಿಳಿ ತಲೆ ಇರೋದಿಲ್ಲ. ಹಾರೋದು ಕಲಿತ ಮೇಲೂ ಒಂದೆರಡು ವರ್ಷ ಕಂದುಬಣ್ಣದಲ್ಲೇ ಇದ್ದು ಹದ್ದಿನ ಹಾಗೆಯೇ ಕಾಣುತ್ತದೆ. ಹಾಗಾಗಿ ಬಾಲ ನೋಡೋದು ಒಳ್ಳೆಯದು.

ಊರಲ್ಲಿ ತೇರು ಎಳೆಯುವ ಹೊತ್ತಿಗೆ ಗರುಡ ಮೇಲೆ ಬಂದು ಸುತ್ತಿದರೆ ಮಂದಿ ಕೈಮುಗಿಯುತ್ತಾರೆ. ನಮ್ಮ ಅಜ್ಜಿಯಂದಿರು ಈಗಲೂ ಕಂಡಾಗೆಲ್ಲ ಕೆನ್ನೆ ಬಡಿದುಕೊಳ್ಳುತ್ತಾರೆ. ನಾವು ಏನು ಮಾಡಿದೆವು ಅನ್ನೋದನ್ನು ಇಲ್ಲಿ ಬರೆಯಬೇಕಾಗಿದೆ. ಈ ಲೇಖನ ಬರೆಯೋ ಕಾರಣವೇ ಅದು.

ಜಾಕಿ-ಶ್ಯಾಡೋ ನೋಡುತ್ತಿದ್ದ ಅದೇ ತಿಂಗಳು ನಮಗೆ ಅವಳಿನಗರದ ಒಂದು ಕೆರೆಯ ಹತ್ತಿರ ಗರುಡನ ಗೂಡು ಸಿಕ್ಕಿತು. ಯಾವ ಕೆರೆ ಅಂತ ಹೇಳೋದಿಲ್ಲ. ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ. ಮರದ ತುದಿಯಲ್ಲಿ ಕಡ್ಡಿಗಳ ಗುಪ್ಪೆ, ಅದರ ಅಂಚಿನಲ್ಲಿ ಬಿಳಿ ತಲೆ. ಮರಿಯ ತಲೆಯೂ ಒಮ್ಮೊಮ್ಮೆ ಮೇಲೆ ಕೆಳಗೆ ಆಗುತ್ತಿತ್ತು. ನಮ್ಮ ಖುಷಿ ಕೇಳಬ್ಯಾಡ್ರಿ. ಫೋಟೋ ತೆಗೆದೆವು, ಬ್ಯಾಚ್ ಗ್ರೂಪಿಗೆ ಹಾಕಿದೆವು, ಜೊತೆಗೆ ಲೊಕೇಶನ್ ಪಿನ್. ಯಾರೋ ರೀಲ್ ಮಾಡಿದರು. "ಹುಬ್ಬಳ್ಳಿ-ಧಾರವಾಡದ ಜಾಕಿ ಅಂಡ್ ಶ್ಯಾಡೋ" ಅಂತ ಹೆಸರು ಕೊಟ್ಟದ್ದೂ ನಾವೇ.

ಭಾನುವಾರ ಹೋದಾಗ ಮರದ ಕೆಳಗೆ ಮೂವತ್ತು ಮಂದಿ ಇದ್ದರು. ಅರ್ಧ ಜನ ನಮ್ಮ ಕಾಲೇಜಿನವರೇ. ಹಾರುವ ಫೋಟೋ ಬೇಕು ಅಂತ ಒಬ್ಬ ಚಪ್ಪಾಳೆ ತಟ್ಟಿದ, ಇನ್ನೊಬ್ಬ ಟೊಂಗೆಗೆ ಕಲ್ಲು ಒಗೆದ. ಒಂದು ಡ್ರೋನ್ ಗೂಡಿನ ಮಟ್ಟಕ್ಕೇ ಏರಿತು. ಎರಡೂ ಹಕ್ಕಿ ಎದ್ದು ಕೂಗುತ್ತ ಸುತ್ತತೊಡಗಿದವು. ಅವು ಸುತ್ತುತ್ತಿದ್ದದ್ದನ್ನೇ ನಾವು ವಿಡಿಯೋ ಮಾಡಿದೆವು. ನೋಡೋಕೆ ಚೆಂದ ಇತ್ತು. ಅದು ಗಾಬರಿ ಅಂತ ನಮಗೆ ಹೊಳೆಯಲಿಲ್ಲ.

ನಾಲ್ಕು ದಿನ ಬಿಟ್ಟು ಹೋದಾಗ ಗೂಡಿನಲ್ಲಿ ಯಾರೂ ಇರಲಿಲ್ಲ. ಮರಿ ಏನಾಯಿತು ಅಂತ ನಾವು ಕಣ್ಣಾರೆ ಕಂಡಿಲ್ಲ. ಹಾರುವ ವಯಸ್ಸು ಅದಕ್ಕೆ ಆಗಿರಲಿಲ್ಲ ಅನ್ನೋದು ಮಾತ್ರ ಗೊತ್ತು. ಅಲ್ಲಿ ಎಮ್ಮೆ ಮೇಯಿಸುವ ಅಜ್ಜ ಒಬ್ಬರಿದ್ದರು. ಅವರು ಬೈಯಲೂ ಇಲ್ಲ. "ಮೂರು ವರ್ಷದಿಂದ ಇದ ಗಿಡದಾಗ ಗೂಡ ಕಟ್ಟತಿದ್ವು. ನನ್ನ ಎಮ್ಮಿಗೆ ಹೆದರಲಿಲ್ಲ, ನನಗ ಹೆದರಲಿಲ್ಲ. ನೀವು ಬಂದು ಮ್ಯಾಲ ಅದೇನೋ ಭರ್ರ್ ಅಂತ ಹಾರಿಸಿದ್ರಿ. ಮರುದಿವಸದಿಂದ ಸಪ್ಪಳ ಇಲ್ಲ" ಅಂದರು.

ನಾವ್ಯಾರೂ ಕೆಟ್ಟವರಲ್ಲ. ಹಕ್ಕಿ ಮೇಲಿನ ಪ್ರೀತಿಗೇ ಹೋದವರು. ಆದರೆ ಗೂಡು ಕೆಡೋದಕ್ಕೆ ಕೆಟ್ಟ ಬುದ್ಧಿ ಬೇಕಾಗಿಲ್ಲ, ತಾಯಿ ಹಕ್ಕಿ ಅರ್ಧ ತಾಸು ಏಳುವಂತೆ ಮಾಡಿದರೆ ಸಾಕು. ಗರುಡ ನಮ್ಮಲ್ಲಿ ಗೂಡು ಕಟ್ಟೋದು ಹೆಚ್ಚಾಗಿ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ. ಸಾಮಾನ್ಯವಾಗಿ ಎರಡು ಮೊಟ್ಟೆ. ನಾಲ್ಕು ವಾರದ ಹತ್ತಿರ ಕಾವು, ಆಮೇಲೆ ಏಳೆಂಟು ವಾರ ಮರಿಯ ಪಾಲನೆ. ಒಟ್ಟು ಹನ್ನೆರಡು ವಾರ, ನಮ್ಮ ಒಂದು ಸೆಮಿಸ್ಟರಿಗಿಂತ ಸ್ವಲ್ಪ ಕಡಿಮೆ. ಮಾರ್ಚ್ ಬಿಸಿಲಿನಲ್ಲಿ ತಾಯಿ ಗೂಡಿನಲ್ಲಿ ಕೂರೋದು ಬಿಸಿ ಕೊಡೋಕಲ್ಲ, ನೆರಳು ಕೊಡೋಕೆ. ಪುಕ್ಕ ಬಲಿಯದ ಮರಿ ನೇರ ಬಿಸಿಲು ತಡೆಯೋದಿಲ್ಲ. ಕೆರೆ ಸುತ್ತ ಕಾಗೆಗಳು ಕಾಯುತ್ತಲೇ ಇರುತ್ತವೆ. ದೊಡ್ಡವು ಎದ್ದ ಗೂಡು ಕಾಗೆಗೆ ಬಾಗಿಲು ತೆರೆದ ಮನೆ. ನಾವು ಮರದ ಕೆಳಗೆ ನಿಂತಷ್ಟು ಹೊತ್ತೂ ಮೀನು ತರೋ ಹಕ್ಕಿ ಗೂಡಿಗೆ ಇಳಿಯೋದಿಲ್ಲ. ಮರಿಗೆ ಒಂದು ಹೊತ್ತಿನ ಊಟ ತಪ್ಪಿತು ಅಂತಲೇ ಲೆಕ್ಕ.

ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ಹುಡುಕಿದೆವು, ಹುಡುಕಿ ದಂಗಾದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದಕ್ಕೆ ಕೊಟ್ಟ ಅರ್ಥ ಬರೀ ಕೊಲ್ಲೋದಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡೋದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡೋದು ಕೂಡ ಬೇಟೆಯೇ. ಅಂದರೆ ಆ ಭಾನುವಾರ ಮರದ ಕೆಳಗೆ ಮೊಬೈಲ್ ಹಿಡಿದು ನಿಂತಿದ್ದ ನಾವು ಪಿಕ್‌ನಿಕ್‌ಗೆ ಬಂದವರು ಅಂದುಕೊಂಡಿದ್ದೆವು. ಕಾಯ್ದೆಯ ಕಣ್ಣಲ್ಲಿ ಬೇಟೆಗಾರರ ಗುಂಪಿಗೆ ಹತ್ತಿರ ಇದ್ದೆವು.

ಹಾಗಾದರೆ ಬಿಗ್ ಬೇರ್‌ನಲ್ಲಿ ಲಕ್ಷಾಂತರ ಮಂದಿ ನೋಡುತ್ತಾರಲ್ಲ, ಅಲ್ಲಿ ಹಕ್ಕಿ ಯಾಕೆ ಓಡಿಹೋಗೋದಿಲ್ಲ? ಈ ಪ್ರಶ್ನೆ ನಮ್ಮನ್ನು ಬಹಳ ಕಾಡಿತು. ನೋಡುವವರು ಯಾರೂ ಅಲ್ಲಿ ಇಲ್ಲ ಅನ್ನೋದೇ ಉತ್ತರ. ಕ್ಯಾಮೆರಾದ ಕೆಲಸ ಏನಿದ್ದರೂ ಗೂಡು ಖಾಲಿ ಇರುವ ಕಾಲದಲ್ಲಿ ಮಾಡಿ ಮುಗಿಸುತ್ತಾರೆ. ಗೂಡಿನ ಕಾಲ ಬಂದರೆ ಅಲ್ಲಿನ ಅರಣ್ಯ ಇಲಾಖೆ ಮರದ ಸುತ್ತಲ ಜಾಗಕ್ಕೆ ಜನ ಹೋಗದಂತೆ ಮುಚ್ಚುತ್ತದೆ. ಬಾಲ್ಡ್ ಈಗಲ್ ಗೂಡಿನಿಂದ ಎಷ್ಟು ದೂರ ಇರಬೇಕು ಅಂತ ಆ ದೇಶದಲ್ಲಿ ಮಾರ್ಗಸೂಚಿಯೇ ಇದೆ. ನಡೆದು ಹೋಗುವವರಿಗೆ 330 ಅಡಿ, ಅಂದರೆ ಸುಮಾರು 100 ಮೀಟರ್. ನಾವು ಲೈವ್ ನೋಡಿದೆವು, ಆ ಲೈವ್ ಹಿಂದಿನ ಶಿಸ್ತನ್ನು ನೋಡಲಿಲ್ಲ.

ಇದನ್ನು ಹೇಳಿದಾಗ ಗೆಳೆಯರಿಂದ ಎರಡು ಆಕ್ಷೇಪ ಬಂದವು. ಎರಡಕ್ಕೂ ಉತ್ತರ ಕೊಡಬೇಕು.

ಮೊದಲನೆಯದು: "ಗರುಡ ಏನು ಅಳಿದುಹೋಗೋ ಹಕ್ಕಿ ಅಲ್ಲಲ್ಲ, ದಿನಾ ಕಾಣತಾವ. ಒಂದು ಗೂಡು ಹೋದರ ಏನಾತು?"

ಅಮೆರಿಕದವರೂ ಒಂದು ಕಾಲಕ್ಕೆ ಹೀಗೇ ಅಂದುಕೊಂಡಿದ್ದರು. ದೇಶದ ಲಾಂಛನದ ಹಕ್ಕಿ, ಅದಕ್ಕೇನಾದೀತು ಅಂತ. 1963ರ ಎಣಿಕೆಯಲ್ಲಿ ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಸಿಕ್ಕ ಗೂಡುಕಟ್ಟುವ ಜೋಡಿ ಬರೀ 417. ಬೇಟೆ, ಕಾಡುನಾಶದ ಜೊತೆಗೆ ಮುಖ್ಯ ಕಾರಣ ಡಿಡಿಟಿ. ಫಸ್ಟ್ ಇಯರ್ ಪರಿಸರ ಅಧ್ಯಯನದಲ್ಲಿ ಬಯೋಮ್ಯಾಗ್ನಿಫಿಕೇಶನ್ ಅಂತ ಐದು ಮಾರ್ಕಿಗೆ ಬರೆದು ಮರೆತೆವಲ್ಲ, ಅದೇ. ಹೊಲದ ಡಿಡಿಟಿ ನೀರಿಗೆ, ನೀರಿನಿಂದ ಸಣ್ಣ ಮೀನಿಗೆ, ದೊಡ್ಡ ಮೀನಿಗೆ, ಕೊನೆಗೆ ಮೀನು ತಿನ್ನೋ ಹದ್ದಿಗೆ. ಮೊಟ್ಟೆಯ ಚಿಪ್ಪು ಎಷ್ಟು ತೆಳ್ಳಗಾಯಿತು ಅಂದರೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. 1962ರಲ್ಲಿ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಬರೆದು ಎಚ್ಚರಿಸಿದರು, 1972ರಲ್ಲಿ ಡಿಡಿಟಿ ನಿಷೇಧವಾಯಿತು, ಗೂಡುಗಳಿಗೆ ಕಾವಲು ಬಂತು. 2007ರಲ್ಲಿ ಬಾಲ್ಡ್ ಈಗಲ್ ಅಪಾಯದ ಪಟ್ಟಿಯಿಂದ ಹೊರಬಂತು. ನಾವು ರಾತ್ರಿ ಕೂತು ನೋಡಿದ ಆ ಎರಡು ಮರಿಗಳ ಹಿಂದೆ ಐವತ್ತು ವರ್ಷದ ದುಡಿಮೆ ಇದೆ.

ನಮಗೆ ಇನ್ನೂ ಹತ್ತಿರದ ಪಾಠ ಬೇಕಂದ್ರ ಇಂಡೋನೇಷ್ಯಾದ ಜಕಾರ್ತಾ ನೋಡಿ. ಆ ನಗರದ ಅಧಿಕೃತ ಹಕ್ಕಿ ಇದೇ ಗರುಡ. ಅಲ್ಲಿನ ಬಿಆರ್‌ಟಿ ಬಸ್ಸುಗಳ ಲಾಂಛನದಲ್ಲೂ ಗರುಡನ ಚಿತ್ರ ಬಂದಿತ್ತು. ಆದರೆ ನಗರದ ಆಕಾಶದಲ್ಲಿ ಗರುಡ ಕಾಣೋದೇ ಅಪರೂಪ ಆಗಿಹೋಯಿತು. ಇದನ್ನು ಓದಿದಾಗ ನಮಗೆ ನಮ್ಮ ಚಿಗರಿ ನೆನಪಾಯಿತು. ನಮ್ಮ ಬಿಆರ್‌ಟಿಎಸ್ ಬಸ್ಸಿಗೂ ಪ್ರಾಣಿಯ ಹೆಸರೇ ಇಟ್ಟಿದ್ದೇವೆ. ನಿಜವಾದ ಚಿಗರಿ ನೋಡಬೇಕಂದರೆ ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಹೋಗಬೇಕು. ಆ ಬಸ್ಸಿನ ದಾರಿ ಅಗಲ ಮಾಡೋಕೆ ಹುಬ್ಬಳ್ಳಿ-ಧಾರವಾಡ ರಸ್ತೆಯ ಹಳೆಯ ದೊಡ್ಡ ಮರಗಳು ಹೋದವು. ಬಸ್ಸು ಬೇಡ ಅಂತ ನಾವು ಹೇಳುತ್ತಿಲ್ಲ, ದಿನಾ ಅದರಲ್ಲೇ ಓಡಾಡುತ್ತೇವೆ. ಆದರೆ ಗರುಡ ಗೂಡು ಕಟ್ಟೋದು ಹೋದ ವರ್ಷ ನೆಟ್ಟ ಸಸಿಯಲ್ಲಿ ಅಲ್ಲ. ಅದಕ್ಕೆ ಎತ್ತರದ ಹಳೆಯ ಮರವೇ ಬೇಕು, ಒಂದು ಸಲ ಹಿಡಿಸಿದ ಜಾಗಕ್ಕೆ ವರ್ಷ ವರ್ಷ ಮರಳಿ ಬರುತ್ತದೆ. ಅದಕ್ಕೇ ಒಂದು ಗೂಡಿನ ಜಾಗ ಹೋದರೆ ಹೋಗೋದು ಒಂದು ವರ್ಷದ ಮರಿ ಮಾತ್ರ ಅಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: "ಗುಟ್ಟಾಗಿ ಇಟ್ಟರೆ ಕಾಯೋರು ಯಾರು? ಯಾರಿಗೂ ಗೊತ್ತಿಲ್ಲದ ಗೂಡಿನ ಮರವನ್ನು ನಾಳೆ ಯಾರೋ ಕಡಿದರೆ?"

ಈ ಮಾತಿಗೆ ನಾವು ತುಂಬ ದಿನ ಉತ್ತರ ಹುಡುಕಿದೆವು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇದಕ್ಕೆ ಎದುರು ಉದಾಹರಣೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಎಲ್ಲರಿಗೂ ಗೊತ್ತು. ಗೊತ್ತಿರೋದರಿಂದಲೇ ಅವು ಉಳಿದಿವೆ. ಹುಣಸೆಹಣ್ಣಿನ ಆದಾಯಕ್ಕೆ ಪೆಟ್ಟು ಬಿದ್ದರೂ ಊರವರು ಮರ ಉಳಿಸಿಕೊಂಡರು, ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಹಾಗೇ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರೋದು ಸುತ್ತಲ ಹಳ್ಳಿಗೆಲ್ಲ ಗೊತ್ತು. 2024ರಲ್ಲಿ ಅದು ರಾಮ್ಸರ್ ತಾಣವೂ ಆಯಿತು.

ಹಾಗಾದರೆ ಗುಟ್ಟೇ ರಕ್ಷಣೆ ಅನ್ನೋದು ತಪ್ಪು, ಗೊತ್ತಾದರೆ ಹಾಳು ಅನ್ನೋದೂ ತಪ್ಪು. ಯಾರಿಗೆ ಗೊತ್ತು ಅನ್ನೋದೇ ಮುಖ್ಯ. ಕೊಕ್ಕರೆ ಬೆಳ್ಳೂರಿನಲ್ಲಿ ಗೊತ್ತಿದ್ದದ್ದು ಮರದ ಕೆಳಗೆ ಬದುಕುವವರಿಗೆ. ನಮ್ಮ ಗೂಡಿನ ವಿಷಯ ಎಮ್ಮೆ ಮೇಯಿಸುವ ಅಜ್ಜನಿಗೆ ಮೂರು ವರ್ಷದಿಂದ ಗೊತ್ತಿತ್ತು, ಗೂಡು ಸುರಕ್ಷಿತವಾಗಿಯೇ ಇತ್ತು. ಮುನ್ನೂರು ಮಂದಿಯ ಗ್ರೂಪಿಗೆ ಗೊತ್ತಾಗಿ ವಾರ ತುಂಬುವುದರೊಳಗೆ ಖಾಲಿಯಾಯಿತು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಗೂಡಿನ ಸುದ್ದಿ ಮರದ ಕೆಳಗಿನವರಿಗೆ ಹೋಗಲಿ, ಮೊಬೈಲ್ ಒಳಗಿನವರಿಗೆ ಬೇಡ. ಹೊಲದ ಮಾಲೀಕರಿಗೆ, ಕೆರೆಯಲ್ಲಿ ಬಲೆ ಬೀಸುವವರಿಗೆ, ವಾಚ್‌ಮನ್‌ಗೆ, ಅರಣ್ಯ ಇಲಾಖೆಗೆ ಹೇಳಬೇಕು. ಮರಕ್ಕೆ ಕೊಡಲಿ ಬೀಳೋ ದಿನ ಅಲ್ಲಿ ಇರೋರು ಅವರೇ ಹೊರತು ನಮ್ಮ ರೀಲಿಗೆ ಲೈಕ್ ಒತ್ತಿದವರಲ್ಲ.

ಎಂಜಿನಿಯರಿಂಗ್ ಓದುವವರಾಗಿ ನಮ್ಮಿಂದ ಆಗುವ ಕೆಲಸವೂ ಇದೆ.

ದೂರದಿಂದ ನೋಡೋಣ. ಗೂಡಿನಿಂದ 100 ಮೀಟರ್ ದೂರಕ್ಕೆ ಒಂದು ಟ್ರೈಪಾಡ್, ಒಂದು ಸ್ಪಾಟಿಂಗ್ ಸ್ಕೋಪ್, ಒಂದು ನೋಟ್‌ಬುಕ್. ಒಮ್ಮೆಗೆ ಇಬ್ಬರು, ಅರ್ಧ ತಾಸು. ಎಷ್ಟು ಹೊತ್ತಿಗೆ ಮೀನು ಬಂತು, ಯಾವುದು ತಂತು, ಮರಿ ಯಾವಾಗ ರೆಕ್ಕೆ ಬಡಿಯಿತು ಅಂತ ಬರೆದಿಟ್ಟರೆ ಹನ್ನೆರಡು ವಾರಕ್ಕೆ ಒಳ್ಳೆ ಡೇಟಾ ಆಗುತ್ತದೆ. ಹಕ್ಕಿ ಎದ್ದು ಕೂಗಿತು ಅಂದರೆ ನಾವು ಹತ್ತಿರ ಆದೆವು ಅಂತ ಅರ್ಥ, ಹಿಂದೆ ಸರಿಯಬೇಕು. ಡ್ರೋನ್ ಕ್ಲಬ್‌ನ ಗೆಳೆಯರಿಗೆ ಕೈಮುಗಿದು ಹೇಳುತ್ತೇವೆ: ಗೂಡಿನ ಕಾಲದಲ್ಲಿ ಕೆರೆ ದಂಡೆಯ ಮರಗಳ ಹತ್ತಿರ ಹಾರಿಸಬ್ಯಾಡ್ರಿ. ನೆಲದಲ್ಲಿ ನಿಂತ ಮನುಷ್ಯ ಅದಕ್ಕೆ ಕಿರಿಕಿರಿ, ಗೂಡಿನ ಮಟ್ಟಕ್ಕೆ ಏರಿದ ಡ್ರೋನ್ ಶತ್ರು.

ಸಿವಿಲ್‌ನವರು ಇಂಟರ್ನ್‌ಶಿಪ್‌ನಲ್ಲಿ ರಸ್ತೆ, ಲೇಔಟ್ ಸರ್ವೆಗೆ ಹೋಗುತ್ತೀರಿ. ಮರಗಳ ಪಟ್ಟಿ ಮಾಡುವಾಗ ಜಾತಿ, ಸುತ್ತಳತೆ ಜೊತೆಗೆ 'ಗೂಡು ಇದೆ/ಇಲ್ಲ' ಅಂತ ಒಂದು ಕಾಲಂ ಸೇರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಗರದಲ್ಲಿ ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಕಾಲಂ ಇದ್ದರೆ ಕಡಿಯೋದನ್ನು ಗೂಡಿನ ಕಾಲ ಮುಗಿಯೋವರೆಗೆ ಮುಂದೂಡಿ ಅಂತ ಕೇಳೋಕಾದರೂ ಆಧಾರ ಸಿಗುತ್ತದೆ.

ಮಾಂಜಾ ಬಗ್ಗೆಯೂ ಒಂದು ಮಾತು. ಕಾರ ಹುಣ್ಣಿಮೆ ಹೊತ್ತಿಗೆ ನಮ್ಮ ಕಡೆ ಗಾಳಿಪಟ ಏರುತ್ತವೆ. ಆಗ ತಾನೇ ಗೂಡು ಬಿಟ್ಟ ಗರುಡನ ಮರಿಗಳೂ ಆಕಾಶದಲ್ಲೇ ಇರುತ್ತವೆ. ನೈಲಾನ್ ಮಾಂಜಾ, ಗಾಜಿನ ಪುಡಿ ಬಳಿದ ಮಾಂಜಾ ಎರಡನ್ನೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹರಿದ ದಾರ ಟೊಂಗೆಗೆ ಸುತ್ತಿಕೊಂಡು ತಿಂಗಳುಗಟ್ಟಲೆ ಇರುತ್ತದೆ, ಹಕ್ಕಿಯ ರೆಕ್ಕೆ ಕೊಯ್ಯುತ್ತದೆ. ಸಾದಾ ಹತ್ತಿ ದಾರದಲ್ಲಿ ಹಾರಿಸಿದರೂ ಪಟ ಹಾರುತ್ತದೆ. ಗಾಯಗೊಂಡ ಹಕ್ಕಿ ಸಿಕ್ಕರೆ ರೂಮಿಗೆ ತಂದು ಅನ್ನ-ಹಾಲು ಕುಡಿಸೋದು ಬೇಡ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಇಟ್ಟು, ಮುಚ್ಚಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಪ್ರತಿ ಫೆಬ್ರವರಿಯಲ್ಲಿ ದೇಶದ ಕಾಲೇಜುಗಳಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ನಡೆಯುತ್ತದೆ. ನಾಲ್ಕು ದಿನ, ಹದಿನೈದು ನಿಮಿಷ ಕೂತು ಕಂಡ ಹಕ್ಕಿಗಳನ್ನೆಲ್ಲ ಇ-ಬರ್ಡ್‌ಗೆ ಹಾಕೋದು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ನಿಂತದ್ದು ಹೀಗೆ ಸಾಮಾನ್ಯ ಜನ ಬರೆದ ಪಟ್ಟಿಗಳ ಮೇಲೆಯೇ. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 60 ಶೇಕಡಾ ಇಳಿಮುಖ ಅಂತ ಅದು ಹೇಳಿತು. ಬೇಟೆಗಾರ ಹಕ್ಕಿಗಳ ಸ್ಥಿತಿ ಚೆನ್ನಾಗಿಲ್ಲ ಅಂತಲೂ ಹೇಳಿತು. ನಮ್ಮ ಕ್ಯಾಂಪಸ್ಸಿನಿಂದಲೂ ಪಟ್ಟಿ ಹೋಗಲಿ. ಹಕ್ಕಿಯ ಹೆಸರು, ಸಂಖ್ಯೆ ಬರೆಯಿರಿ. ಗೂಡಿನ ಮರ ಯಾವುದು ಅಂತ ಮಾತ್ರ ಬರೆಯಬ್ಯಾಡ್ರಿ.

ಡಿಸೆಂಬರ್ ಹತ್ತಿರ ಬಂತು. ಆ ಜೋಡಿ ಅದೇ ಮರಕ್ಕೆ ಮರಳುತ್ತದೋ ಇಲ್ಲವೋ ನೋಡಬೇಕು. ಹೋದ ವಾರ ಎಮ್ಮೆ ಮೇಯಿಸುವ ಅಜ್ಜನನ್ನು ಕಂಡು ಫೋನ್ ನಂಬರ್ ಕೊಟ್ಟು ಬಂದಿದ್ದೇವೆ. "ಬಂದ್ರ ಹೇಳತೇನಿ. ಆದ್ರ ಇಬ್ಬರ ಬರ್ರಿ" ಅಂದಿದ್ದಾರೆ.

ಇಬ್ಬರೇ ಹೋಗುತ್ತೇವೆ. ಉಳಿದವರಿಗೆ ನೋಟ್‌ಬುಕ್ ತೋರಿಸುತ್ತೇವೆ. ಲೊಕೇಶನ್ ಕೇಳಬ್ಯಾಡ್ರಿ.